ಎರಡನೆಯ ನರಿ

ಈ ಕಥೆ ಹೇಳುವಾಗಲೆಲ್ಲ ನನಗೆ ಮೊದಲು ಶಿಷ್ಯನ ಮೇಲೆ ಸಿಟ್ಟು ಬರುತ್ತದೆ. ಅರ್ಧಕ್ಕೆ ಬರುವಷ್ಟರಲ್ಲಿ ಗುರುವಿನ ಮೇಲೂ ಬರುತ್ತದೆ. ಕೊನೆಗೆ ಯಾರ ಮೇಲೆ ಅಂತ ಗೊತ್ತಾಗದೆ ಸುಮ್ಮನಾಗುತ್ತೇನೆ.

ಬಹಳ ಹಿಂದೆ, ಈಜಿಪ್ಟ್ ದೇಶದಲ್ಲಿ, ನೈಲ್ ನದಿಯ ಮೂಡಣ ದಡದಲ್ಲಿ ಒಂದು ಚಪ್ಪರವಿತ್ತು. ಅಲ್ಲಿ ಇಬಿಯಾ ಎಂಬ ಮುದುಕ ಶವಪೆಟ್ಟಿಗೆಗಳ ಮೇಲೆ ದೇವರ ಚಿತ್ರ, ದೇವರ ಹೆಸರು, ಪ್ರಾರ್ಥನೆ ಬರೆಯುತ್ತಿದ್ದ. ಬರೆಯುವುದನ್ನು ಕಲಿಸುತ್ತಲೂ ಇದ್ದ.

ಅವನ ಕೈ ನಡುಗತೊಡಗಿ ಎರಡು ವರ್ಷವಾಗಿತ್ತು. ಈಗ ಬರೆಯುವ ಕೈ ಅವನ ಶಿಷ್ಯನದು.

ಶಿಷ್ಯನ ಹೆಸರು ಸೆನ್ಬಿ. ವಯಸ್ಸು ಇಪ್ಪತ್ತನಾಲ್ಕು. ದಕ್ಷಿಣದ ಗಡಿಯ ಕೋಟೆಯೊಂದರಲ್ಲಿ ಹುಟ್ಟಿ ಬೆಳೆದವನು. ಅವನು ಎಳೆದ ಗೆರೆ ನೂಲು ಹಿಡಿದ ಹಾಗೆ ನೇರ. ತಲೆಯೂ ಹಾಗೇ. ತೊಂದರೆ ಶುರುವಾದದ್ದು ಅಲ್ಲೇ.

ಆ ದಿನ ಅವರ ಮುಂದೆ ಇದ್ದದ್ದು ಅಮೆನಿ ಎಂಬ ಅಂಬಿಗನ ಪೆಟ್ಟಿಗೆ. ಅಮೆನಿ ಜ್ವರ ಬಂದು ಸತ್ತು ಅರವತ್ತೈದು ದಿನವಾಗಿತ್ತು. ಆ ದೇಶದಲ್ಲಿ ಹೆಣವನ್ನು ಉಪ್ಪಿನಲ್ಲಿಟ್ಟು ಒಣಗಿಸಿ, ಬಟ್ಟೆ ಸುತ್ತಿ, ಎಪ್ಪತ್ತನೆಯ ದಿನ ನದಿ ದಾಟಿಸಿ ಪಡುವಣ ದಡದಲ್ಲಿ ಹೂಳುತ್ತಿದ್ದರು. ಎಪ್ಪತ್ತು ಅಂದರೆ ಎಪ್ಪತ್ತೇ. ಅಷ್ಟರೊಳಗೆ ಪೆಟ್ಟಿಗೆ ಸಿದ್ಧವಾಗದಿದ್ದರೆ ಬರಿ ಚಾಪೆಯಲ್ಲಿ ಸುತ್ತಿ ಮರಳಿಗೆ ಇಳಿಸಬೇಕು. ಹಾಗೆ ಹೋದವನಿಗೆ ಆಚೆಯ ದಾರಿ ಸಿಗುವುದಿಲ್ಲ ಅಂತ ಅಲ್ಲಿನ ಜನರ ಭಯ.

ಉಳಿದದ್ದು ಐದು ದಿನ.

ಸೆನ್ಬಿ ಲೇಖನಿ ಕೆಳಗಿಟ್ಟ.

“ಗುರುಗಳೇ, ಒಂದು ಪ್ರಶ್ನೆ.”

“ಬೇಡ,” ಅಂದ ಗುರು.

“ನಾನಿನ್ನೂ ಕೇಳೇ ಇಲ್ಲ.”

“ನಿನ್ನ ಪ್ರಶ್ನೆಗಳೆಲ್ಲ ಒಂದೇ. ಮೂರು ವರ್ಷದಿಂದ ಕೇಳ್ತಾ ಇದ್ದೀನಿ. ಮಸಿ ಒಣಗುತ್ತೆ, ಬರಿ.”

“ಏನಂತ ಬರೀಲಿ? ಸತ್ತವನನ್ನು ಮೊದಲು ಕೈಗೆ ತಗೊಳ್ಳೋ ದೇವರು ಯಾರು?”

“ಅನುಬಿಸ್. ನರಿಮುಖದವನು. ಅದೂ ಗೊತ್ತಿಲ್ವಾ?”

“ಹೆಣಕ್ಕೆ ಬಟ್ಟೆ ಸುತ್ತೋದು?”

“ಅನುಬಿಸ್.”

“ಪಾಪಪುಣ್ಯ ನೋಡೋಕೆ ಗುಂಡಿಗೆಯನ್ನು ತಕ್ಕಡಿಗೆ ಹಾಕಿ ತೂಗೋದು?”

“ಅನುಬಿಸ್.”

“ಹಾಗಾದ್ರೆ ಒಸಿರಿಸ್ ಏನು ಮಾಡ್ತಾನೆ?”

“ಅವನು ಸತ್ತವರ ರಾಜ. ಕೂತಿರ್ತಾನೆ.”

“ಪಡುವಣದವರ ಒಡೆಯ, ಅಂದ್ರೆ ಸತ್ತವರ ಒಡೆಯ, ಅನ್ನೋ ಬಿರುದು ಅವನದೇ ತಾನೆ?”

“ಹೌದು.”

“ಹಳೇ ಪೆಟ್ಟಿಗೆಗಳಲ್ಲಿ ಆ ಬಿರುದು ಅನುಬಿಸ್‌ಗಿದೆ. ಅದಕ್ಕಿಂತ ಹಳೇದರಲ್ಲಿ ಇನ್ಯಾವುದೋ ನರಿ ದೇವರಿಗಿದೆ. ಮೂರು ಜನಕ್ಕೆ ಒಂದೇ ಬಿರುದು!”

“ದೊಡ್ಡ ಬಿರುದು. ಮೂರು ಜನ ಹಿಡಿಸ್ತಾರೆ ಬಿಡು.”

“ದಾರಿ ತೋರಿಸೋದು ಯಾರು?”

“ವೆಪ್ವಾವೆತ್. ಅವನೂ ನರಿಮುಖದವನೇ.”

“ಯಾಕೆ, ಅನುಬಿಸ್ ದಾರಿ ತೋರಿಸಲ್ವಾ?”

“ತೋರಿಸ್ತಾನೆ.”

“ಮತ್ತೆ ಈ ಗಿಡುಗನ ಮುಖದ ಸೊಕರ್ ಯಾಕಿದ್ದಾನೆ? ಇವನೂ ಸತ್ತವರ ಒಡೆಯನಂತೆ!”

“ಇದ್ದಾನಪ್ಪ. ಇರಲಿ.”

ಸೆನ್ಬಿ ಹಣೆ ಚಚ್ಚಿಕೊಂಡ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

“ಅದೂ ಹೋಗಲಿ. ಇಲ್ಲಿ, ಅಮೆನಿಯ ಹೆಸರಿನ ಹಿಂದೆ ಏನು ಸೇರಿಸಬೇಕು?”

“ಒಸಿರಿಸ್ ಅಂತ. ಒಸಿರಿಸ್ ಅಮೆನಿ. ಸತ್ತವರೆಲ್ಲರಿಗೂ ಹಾಗೇ ಬರೀತೀವಿ.”

“ಅಂದ್ರೆ ಸತ್ತವನೂ ಒಸಿರಿಸ್, ಸತ್ತವನನ್ನು ವಿಚಾರಣೆ ಮಾಡೋನೂ ಒಸಿರಿಸ್. ಕಟಕಟೆಯಲ್ಲಿ ನಿಂತೋನೂ ಅವನೇ, ತೀರ್ಪು ಹೇಳೋನೂ ಅವನೇ. ನನಗೆ ತಲೆ ಚಿಟ್ಟು ಹಿಡೀತಾ ಇದೆ ಗುರುಗಳೇ.”

“ನನಗೂ,” ಅಂದ ಗುರು. “ಕೆಮ್ಮಣ್ಣು ಅರಿ.”

ಉತ್ತರ ಕೊಡಲು ಮನಸ್ಸಿಲ್ಲದಾಗ ಬಣ್ಣ ಅರೆಯಲು ಹಚ್ಚುವುದು ಇಬಿಯಾನ ಹಳೆಯ ಉಪಾಯ. ಮೂರು ವರ್ಷದಲ್ಲಿ ಸೆನ್ಬಿ ಅರೆದ ಕೆಮ್ಮಣ್ಣಿನಲ್ಲಿ ಒಂದು ಊರಿಗೇ ಸುಣ್ಣದ ಬದಲು ಬಳಿಯಬಹುದಿತ್ತು.

ಅವನು ಅರೆದ. ಹಲ್ಲು ಕಚ್ಚಿಕೊಂಡು ಅರೆದ.

ಮರುದಿನ ಬೆಳಿಗ್ಗೆ ಗುರು ಹೆಣ ಒಣಗಿಸುವವರ ಡೇರೆಗೆ ಹೊರಟ. ಅಮೆನಿಗೆ ಬಟ್ಟೆ ಸುತ್ತುವುದು ಎಲ್ಲಿಗೆ ಬಂತು ಎಂದು ನೋಡಬೇಕಿತ್ತು.

“ಸಾಯಂಕಾಲದೊಳಗೆ ಉಳಿದ ಬದಿ ಮುಗಿಸು,” ಅಂದ. “ತಲೆ ಓಡಿಸಬೇಡ. ಕೈ ಓಡಿಸು.”

ಸೆನ್ಬಿ ತಲೆಯಾಡಿಸಿದ. ಗುರುವಿನ ಬೆನ್ನು ಮರೆಯಾದದ್ದೇ ತಡ, ಉಜ್ಜುವ ಕಲ್ಲು ಕೈಗೆತ್ತಿಕೊಂಡ.

ಅನುಬಿಸ್ ಹೆಣ ನೋಡಿಕೊಳ್ಳಲಿ. ವೆಪ್ವಾವೆತ್ ದಾರಿ ತೋರಿಸಲಿ. ಒಸಿರಿಸ್ ತೀರ್ಪು ಹೇಳಲಿ. ಒಂದು ಕೆಲಸಕ್ಕೆ ಒಬ್ಬ ದೇವರು. ಸೊಕರ್‌ಗೆ ಯಾವ ಕೆಲಸವೂ ಉಳಿಯಲಿಲ್ಲ. ಅವನನ್ನು ಉಜ್ಜಿ ತೆಗೆದ. ಎರಡೆರಡು ಕಡೆ ಇದ್ದ ಹೆಸರುಗಳನ್ನು ಕೆರೆದ. ಅಮೆನಿಯ ಹಿಂದಿನ ಒಸಿರಿಸ್ ಎಂಬ ಹೆಸರನ್ನೂ ಕೆರೆದ. ಪೆಟ್ಟಿಗೆಯ ತಲೆಯ ಬದಿಯಲ್ಲಿ ಎರಡು ನರಿಗಳು ಎದುರುಬದುರು ಕೂತಿದ್ದವು. ಒಂದೇ ಥರದ ಎರಡು ನರಿ ಯಾಕೆ? ಎಡಗಡೆಯದನ್ನು ಉಳಿಸಿಕೊಂಡು ಬಲಗಡೆಯದನ್ನು ಅಳಿಸಿದ.

ಖಾಲಿಯಾದ ಜಾಗಕ್ಕೆ ಬಿಳಿ ಬಳಿದ. ಮೂರು ವರ್ಷದಲ್ಲಿ ಮೊದಲ ಸಲ ಅವನ ಎದೆ ಹಗುರವಾಯಿತು.

ಗುರು ಬಂದ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿದ. ಇನ್ನೊಂದು ಸುತ್ತು ಹಾಕಿದ. ಆಮೇಲೆ ನೆಲದ ಮೇಲೆ ಕುಸಿದು ಕೂತ.

“ಚೊಕ್ಕಟವಾಗಿದೆ,” ಅಂದ.

“ಹೌದಲ್ವಾ ಗುರುಗಳೇ?” ಅಂದ ಸೆನ್ಬಿ. ಪಾಪ, ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು.

“ಇಷ್ಟು ಚೊಕ್ಕಟವಾದ ಪೆಟ್ಟಿಗೆಯನ್ನು ನಾನು ನೋಡೇ ಇಲ್ಲ. ನಾಳೆ ಅಮೆನಿಯ ಹೆಂಡತಿ ಬರ್ತಾಳೆ. ಅವಳಿಗೂ ನೀನೇ ತೋರಿಸು.”

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಆಗಲೇ ಕಪಾಳಕ್ಕೆ ಎರಡು ಬಿಟ್ಟು ತಿದ್ದಿಸಿದ್ದರೆ ಒಂದು ದಿನವಾದರೂ ಉಳಿಯುತ್ತಿತ್ತು. ಇಲ್ಲೇ ನನಗೆ ಗುರುವಿನ ಮೇಲೆ ಸಿಟ್ಟು ಬರುವುದು.

ಅಮೆನಿಯ ಹೆಂಡತಿಯ ಹೆಸರು ತೇತಿ. ದೋಣಿಗೆ ಬೇಕಾದ ಹಗ್ಗ ಹೊಸೆಯುವವಳು. ಅಂಗೈ ಮರದ ತೊಗಟೆಯಂತೆ ಒರಟು. ಮರುದಿನ ಬೆಳಿಗ್ಗೆ ಅವಳು ರೊಟ್ಟಿಯ ಗಂಟು ಹಿಡಿದು ಬಂದಳು.

ಅವಳಿಗೆ ಓದು ಬಾರದು. ಚಿತ್ರಗಳನ್ನು ಬೆರಳಿಟ್ಟು ನೋಡುತ್ತಾ ಬಂದಳು. ತಲೆಯ ಬದಿಗೆ ಬಂದು ಬೆರಳು ನಿಂತಿತು.

“ಇದು ಒಂದು,” ಅಂದಳು. “ಇನ್ನೊಂದು ಎಲ್ಲಿ?”

“ಇನ್ನೊಂದು ಏನಕ್ಕಾ?”

“ನರಿ. ನಮ್ಮಪ್ಪನ ಪೆಟ್ಟಿಗೇಲಿ ಎರಡಿತ್ತು. ನಮ್ಮತ್ತೇದರಲ್ಲೂ ಎರಡಿತ್ತು. ಇನ್ನೊಂದು ಎಲ್ಲಿ ತಮ್ಮಾ?”

“ಅದು ಬೇಕಾಗಿಲ್ಲ ಅಕ್ಕಾ.”

“ಜಾಗ ಸಾಲಲಿಲ್ಲ ಅನ್ನು, ಸರಿ ಅಂತೀನಿ. ಬಣ್ಣ ಮುಗೀತು ಅನ್ನು, ನಾಳೆ ಬರ್ತೀನಿ. ಬೇಕಾಗಿಲ್ಲ ಅಂದ್ರೆ ಏನು?”

“ಒಂದು ಕೆಲಸಕ್ಕೆ ಒಬ್ಬ ದೇವರು ಸಾಕು. ಇಬ್ಬರಿದ್ರೆ ಗೊಂದಲ. ಈ ಒಬ್ಬನೇ ದಾರಿ ತೋರಿಸ್ತಾನೆ, ನಿಮ್ಮ ಯಜಮಾನರನ್ನು ಕರ್ಕೊಂಡು ಹೋಗ್ತಾನೆ. ಎಲ್ಲಾ ಸ್ಪಷ್ಟವಾಗಿದೆ.”

ತೇತಿ ಅವನ ಮುಖವನ್ನೇ ನೋಡಿದಳು.

“ನನ್ನ ಗಂಡ ಮೂವತ್ತು ವರ್ಷ ದೋಣಿ ನಡೆಸಿದ,” ಅಂದಳು. “ಒಂದು ದಿನಕ್ಕೂ ಒಬ್ಬನೇ ನೀರಿಗೆ ಇಳೀಲಿಲ್ಲ. ಮುಂದೆ ಗಳ ಹಿಡಿದು ಆಳ ನೋಡೋಕೆ ಒಬ್ಬ, ಹಿಂದೆ ಚುಕ್ಕಾಣಿಗೆ ಒಬ್ಬ. ಹಿಂದಿದ್ದೋನೂ ನೀರು ನೋಡ್ತಿದ್ದ. ಮುಂದಿದ್ದೋನೂ ಗಳ ಊರಿ ದೋಣಿ ತಿರುಗಿಸ್ತಿದ್ದ. ಬೈಕೊಂಡೇ ದಾಟ್ತಿದ್ರು, ಆದ್ರೆ ದಾಟ್ತಿದ್ರು. ದಿನಾ ನೋಡೋ ನದಿಗೇ ಇಬ್ಬರು ಬೇಕಿತ್ತು. ಗುರುತಿಲ್ಲದ ಕಡೆಗೆ ಒಬ್ಬನ ಕೈಲಿ ಕಳಿಸ್ತೀಯಾ?”

ಸೆನ್ಬಿ ಏನೋ ಹೇಳಲು ಬಾಯಿ ತೆರೆದ.

“ಬೇಡ,” ಅಂದಳು. “ಈ ಪೆಟ್ಟಿಗೇಲಿ ಅವನನ್ನು ಮಲಗಿಸಲ್ಲ. ಚಾಪೆಯಲ್ಲೇ ಸುತ್ತಿ ಕಳಿಸ್ತೀನಿ. ಚಾಪೆಯಲ್ಲಿ ದೇವರಿಲ್ಲ ಅಂತಾದ್ರೂ ಅವನಿಗೆ ಗೊತ್ತಿರುತ್ತೆ.”

ರೊಟ್ಟಿಯ ಗಂಟನ್ನು ಅಲ್ಲೇ ಇಟ್ಟು ಹೊರಟುಹೋದಳು. ಅಳುತ್ತಿದ್ದಾಳೆ ಅಂತ ತಿಳಿಯಲು ಅವಳ ಬೆನ್ನು ನೋಡಿದರೆ ಸಾಕಿತ್ತು.

ಗುರು ಮೂಲೆಯಿಂದ ಎದ್ದು ಬಂದ. ಈಗ ಅವನ ಕೈ ಮಾತ್ರವಲ್ಲ, ಗಡ್ಡವೂ ನಡುಗುತ್ತಿತ್ತು.

“ನೋಡಿದೆಯಾ?”

“ಅವಳಿಗೆ ಅರ್ಥವಾಗಲಿಲ್ಲ.”

“ಅವಳಿಗೆ!” ಗುರು ಕಿರುಚಿದ. “ಇನ್ನು ಮೂರು ದಿನ ಇದೆ ಮಾರಾಯ. ನನ್ನ ಕೈಲಿ ಒಂದು ಗೆರೆ ಎಳೆಯೋಕಾಗಲ್ಲ. ಎಳೆಯೋಕಾಗೋ ಕೈ ಇರೋದು ನಿನಗೆ. ಆ ಹೆಂಗಸು ಗಂಡನನ್ನು ನಾಯಿ ಹೂಳೋ ಹಾಗೆ ಹೂಳಬೇಕಾ, ನಿನ್ನ ಚೊಕ್ಕಟಕ್ಕೆ?”

“ಚೊಕ್ಕಟಕ್ಕಲ್ಲ!”

ಸೆನ್ಬಿಯ ಧ್ವನಿ ಒಡೆಯಿತು. ಗುರು ತಲೆಯೆತ್ತಿ ನೋಡಿದ. ಮೂರು ವರ್ಷದಲ್ಲಿ ಶಿಷ್ಯ ಹೀಗೆ ಕೂಗಿದ್ದನ್ನು ಅವನು ಕೇಳಿರಲಿಲ್ಲ.

“ನನಗೊಬ್ಬ ಅಣ್ಣ ಇದ್ದ,” ಅಂದ ಸೆನ್ಬಿ. “ಕೋಟೆಯ ಉತ್ತರದ ಬಾಗಿಲಿಗೆ ಯಾವಾಗ್ಲೂ ಒಬ್ಬನೇ ಕಾವಲುಗಾರ. ಆ ವರ್ಷ ಜೋಪಾನ ಅಂತ ಇಬ್ಬರನ್ನು ಹಾಕಿದ್ರು. ಮಧ್ಯಾಹ್ನ ಬಿಸಿಲು ಜೋರಾಗಿತ್ತು. ಅವನಿದ್ದಾನಲ್ಲ ಅಂತ ಇವನು ನೀರು ಕುಡಿಯೋಕೆ ಹೋದ. ಇವನಿದ್ದಾನಲ್ಲ ಅಂತ ಅವನು ನೆರಳಿಗೆ ಹೋದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಕಳ್ಳರು ನುಗ್ಗಿದ್ರು. ಎದುರಿಗೆ ಸಿಕ್ಕಿದ್ದು ನಮ್ಮಣ್ಣ.”

ಗುರು ಪೆಟ್ಟಿಗೆಯ ಪಕ್ಕ ನಿಧಾನವಾಗಿ ಕೂತ.

“ಯಾರದು ತಪ್ಪು ಅಂತ ಕೇಳಿದ್ರೆ ಇವನು ಅವನನ್ನು ತೋರಿಸ್ತಾನೆ, ಅವನು ಇವನನ್ನು ತೋರಿಸ್ತಾನೆ. ಈಗ ಇಲ್ಲಿಗೆ ಬಂದ್ರೆ ದೇವರುಗಳೂ ಹಾಗೇ ಇದ್ದಾರೆ. ಅನುಬಿಸ್ ಇದ್ದಾನೆ ಅಂತ ವೆಪ್ವಾವೆತ್ ಹೋಗಿ ಮಲಗಿದ್ರೆ? ಒಸಿರಿಸ್ ನೋಡ್ಕೋತಾನೆ ಅಂತ ಸೊಕರ್ ಸುಮ್ಮನಿದ್ರೆ? ನಮ್ಮಣ್ಣ ಅಲ್ಲಿ ಬಾಗಿಲಲ್ಲೇ ನಿಂತಿದ್ರೆ? ಅವನನ್ನು ಕರ್ಕೊಂಡಿರಾ ಅಂತ ನಾನು ಯಾರನ್ನು ಕೇಳಲಿ? ಒಬ್ಬರ ಹೆಸರು ಹೇಳಿ ಗುರುಗಳೇ. ಒಂದೇ ಒಂದು ಹೆಸರು.”

ನದಿಯ ಕಡೆಯಿಂದ ಯಾರೋ ದೋಣಿ ಕರೆಯುವ ಕೂಗು ಕೇಳಿಸಿತು.

“ಇದನ್ನು ಮೂರು ವರ್ಷ ಯಾಕೆ ಹೇಳಲಿಲ್ಲ?”

“ನೀವು ಕೆಮ್ಮಣ್ಣು ಅರಿ ಅಂದ್ರಿ.”

ಗುರು ಗಡ್ಡ ನೀವಿಕೊಂಡ. ಅವನ ಮುಖದಲ್ಲಿ ನಾಚಿಕೆ ಇತ್ತು. ಅದನ್ನು ಮುಚ್ಚಿಡಲು ಅವನು ಹೋಗಲಿಲ್ಲ. ಅದೊಂದಕ್ಕೆ ನಾನು ಅವನನ್ನು ಕ್ಷಮಿಸುತ್ತೇನೆ.

“ಕೋಟೆಯ ವಿಷಯದಲ್ಲಿ ನೀನು ಹೇಳಿದ್ದು ಸರಿ,” ಅಂದ. “ಬಾಗಿಲಿಗೆ ಒಬ್ಬನೇ ಇರಬೇಕು.”

“ಮತ್ತೆ?”

“ಒಂದು ಮಡಕೆ ಚೂರು ತಗೋ, ಮಸಿ ತಗೋ, ತೇತಿಯ ಮನೆಗೆ ಹೋಗು. ಅಮೆನಿ ಸತ್ತ ದಿನ ಯಾರು ಯಾರು ಏನೇನು ಮಾಡಿದ್ರು ಕೇಳು. ಒಂದು ಕೆಲಸಕ್ಕೆ ಒಬ್ಬರ ಹೆಸರು ಬರಿ. ಬರ್ಕೊಂಡು ಬಾ. ಪೆಟ್ಟಿಗೆಯನ್ನೂ ಅದೇ ಪದ್ಧತಿಯಲ್ಲಿ ಮಾಡೋಣ. ನಿನ್ನ ಮಾತೇ ಆಗಲಿ.”

“ಅವಳು ನನ್ನನ್ನು ಒಳಗೆ ಬಿಡ್ತಾಳಾ?”

“ಬಿಡದಿದ್ರೆ ಹೊಸ್ತಿಲಲ್ಲಿ ನಿಂತು ಕೇಳು. ಹೊರಡು, ಹೊತ್ತಾಗುತ್ತೆ.”

ತೇತಿ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದಳು. ಸೆನ್ಬಿಯನ್ನು ನೋಡಿ ಮುಖ ತಿರುಗಿಸಿದಳು. ಹೋಗು ಅನ್ನಲಿಲ್ಲ.

ಅವನು ಬಂದ ಕಾರಣ ಹೇಳಿದ. ಅವಳಿಗೆ ವಿಚಿತ್ರವೆನಿಸಿತು. ಆದರೂ ಕೈಯಲ್ಲಿ ಹಗ್ಗ ಓಡುತ್ತಲೇ ಇತ್ತು, ಬಾಯಲ್ಲಿ ಉತ್ತರ ಬಂತು.

“ಕಣ್ಣು ಮುಚ್ಚಿದ್ದು ಯಾರು?”

“ನಾನು. ಇಲ್ಲ, ನಮ್ಮ ನಾದಿನಿ. ತಾಳು, ನಾನು ಮುಚ್ಚಿದೆ, ಮತ್ತೆ ಸ್ವಲ್ಪ ತೆರೀತು, ಅವಳು ಮುಚ್ಚಿದಳು.”

“ಒಬ್ಬರ ಹೆಸರು ಹೇಳಕ್ಕಾ.”

“ಎರಡು ಕಣ್ಣಿತ್ತಪ್ಪಾ ಅವನಿಗೆ!”

ಸೆನ್ಬಿ ಒಂದು ಹೆಸರು ಬರೆದ, ಹೊಡೆದುಹಾಕಿದ.

“ನೀರು ತಂದಿದ್ದು?”

“ಈ ಅಂಗಳದಲ್ಲಿ ಏಳು ಕೊಡ ಸಾಲಾಗಿ ನಿಂತಿತ್ತು. ಕಾಲಿಡೋಕೆ ಜಾಗ ಇರಲಿಲ್ಲ. ಒಂದಕ್ಕೆ ನಾನೇ ಎಡವಿದೆ.”

“ಏಳು ಕೊಡ ಬೇಕಿತ್ತಾ?”

“ಎರಡು ಸಾಕಿತ್ತು.”

“ಮತ್ತೆ ಬೇಡ ಅಂತ ಹೇಳಲಿಲ್ವಾ?”

“ನೀರು ತಂದೋರಿಗೆ ಬೇಡ ಅಂತ ಹೇಳ್ತಾರಾ ಯಾರಾದ್ರೂ?”

ಸೆನ್ಬಿ ನಿಟ್ಟುಸಿರು ಬಿಟ್ಟ.

“ಅಡುಗೆ?”

“ನಾಲ್ಕು ಮನೆಯಿಂದ ರೊಟ್ಟಿ ಬಂತು. ಎಲ್ಲರೂ ಈರುಳ್ಳಿ ಪಲ್ಯನೇ ತಂದಿದ್ರು. ಈರುಳ್ಳಿ ತಿಂದು ತಿಂದು ಸಾಕಾಯ್ತು. ಆ ಕಡೆ ಬೀದಿಯ ಕುಂಬಾರಗಿತ್ತಿ ನಮ್ಮ ಜೊತೆ ಎರಡು ವರ್ಷದಿಂದ ಮಾತು ಬಿಟ್ಟಿದ್ದಳು. ಅವಳೂ ಬಂದು ಒಲೆ ಮುಂದೆ ಕೂತಳು. ಅಲ್ಲಿ ಆಗಲೇ ಮೂವರು ಕೂತಿದ್ರು. ಒಬ್ಬರನ್ನೊಬ್ಬರು ಒತ್ತಿ ಕೂತು, ಬೈಕೊಂಡು, ಒಂದು ಗಡಿಗೆ ಗಂಜಿ ಮಾಡಿದ್ರು. ತಳ ಹಿಡಿದಿತ್ತು.”

ಅವಳು ನಕ್ಕಳು. ನಗುವಿನ ನಡುವೆ ಕಣ್ಣು ತುಂಬಿತು.

ಮಡಕೆ ಚೂರಿನ ಮೇಲೆ ಈಗ ಹೆಸರು, ಗೀಟು, ಹೆಸರು, ಗೀಟು. ಓದಲು ಬರುವಂಥದು ಒಂದೂ ಇರಲಿಲ್ಲ. ಸೆನ್ಬಿಗೆ ರೇಗಿತು.

“ಕೊನೇದು ಅಕ್ಕಾ. ಹೆಣ ತಗೊಂಡು ಹೋಗುವಾಗ ನಿಮ್ಮನ್ನು ಹಿಡ್ಕೊಂಡಿದ್ದು ಯಾರು? ಇದಕ್ಕಾದ್ರೂ ಒಬ್ಬರೇ ಇರಬೇಕಲ್ಲ.”

ಹಗ್ಗ ಹೊಸೆಯುವ ಕೈ ನಿಂತಿತು.

“ಗೊತ್ತಿಲ್ಲ ತಮ್ಮಾ. ಹಿಂದೆಯಿಂದ ಯಾರೋ ಹಿಡಿದಿದ್ರು. ಪಕ್ಕದಿಂದ ಯಾರೋ. ತಿರುಗಿ ನೋಡಲಿಲ್ಲ. ಬೀಳಲಿಲ್ಲ, ಅಷ್ಟು ಗೊತ್ತು.”

ಸೆನ್ಬಿ ಅದನ್ನು ಬರೆಯಲಿಲ್ಲ.

“ನೀನು ಯಾರನ್ನಾದ್ರೂ ಕಳ್ಕೊಂಡಿದ್ದೀಯಾ?” ಅಂತ ಕೇಳಿದಳು ತೇತಿ.

“ಅಣ್ಣನನ್ನು.”

“ನಿಮ್ಮ ಮನೆಗೆ ಯಾರು ಬಂದ್ರು?”

“ಕೋಟೆಯೋರೆಲ್ಲ ಬಂದ್ರು.”

ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದ. ನಿಲ್ಲಿಸಲಾಗಲಿಲ್ಲ.

“ಆ ಇಬ್ಬರು ಕಾವಲುಗಾರರೂ ಬಂದಿದ್ರು. ಹೊಸ್ತಿಲಾಚೆ ನಿಂತಿದ್ರು. ಒಬ್ಬನ ಕೈಯಲ್ಲಿ ನೀರಿನ ಕೊಡ ಇತ್ತು. ಸಂಜೆವರೆಗೂ ನಿಂತಿದ್ರು. ನಾವು ಯಾರೂ ಒಳಗೆ ಕರೀಲಿಲ್ಲ.”

ತೇತಿ ಬುದ್ಧಿ ಹೇಳಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದು ಅವನ ಮುಂದಿಟ್ಟಳು. ಅವನು ಕುಡಿದ.

“ಎರಡನೇ ನರಿ ಬರೀತೀನಿ ಅಕ್ಕಾ,” ಅಂದ ಎದ್ದು ನಿಂತು. “ಪೆಟ್ಟಿಗೆ ಬೇಡ ಅನ್ನಬೇಡಿ.”

“ನೋಡಿ ಹೇಳ್ತೀನಿ,” ಅಂದಳು ತೇತಿ. ಅವಳೂ ಹಟದವಳೇ.

ಸಾಯಂಕಾಲ ಗುರು ಮಡಕೆ ಚೂರನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

“ಇದೇನು, ಕೋಳಿ ಕೆದರಿದ ಹಾಗಿದೆ.”

“ಹಾಗೇ ಇತ್ತು ಆ ಮನೆ.”

“ಬಹಳ ಗೊಂದಲ. ಸರಿ ಮಾಡೋಣ.” ಗುರು ಉಜ್ಜುವ ಕಲ್ಲನ್ನು ಎತ್ತಿ ಶಿಷ್ಯನ ಅಂಗೈ ಮೇಲಿಟ್ಟ. “ಇವರಲ್ಲಿ ಯಾರು ಹೆಚ್ಚಾದ್ರು ಹೇಳು. ಆ ಕುಂಬಾರಗಿತ್ತಿಯಾ? ಆರನೇ ಕೊಡದವಳಾ? ಉಜ್ಜಿಬಿಡು.”

ಸೆನ್ಬಿ ಕಲ್ಲನ್ನು ನೋಡಿದ. ಚೂರನ್ನು ನೋಡಿದ. ಕಲ್ಲನ್ನು ಹಲಗೆಯ ಕೆಳಗೆ, ಕೈಗೆ ಸಿಗದಷ್ಟು ದೂರಕ್ಕೆ ತಳ್ಳಿದ.

“ಬಿಳಿ ಒಣಗಿದೆ,” ಅಂದ. “ಮೊದಲು ನರಿ ಬರೀತೀನಿ.”

“ಕೆಮ್ಮಣ್ಣು?”

“ನೀವು ಅರೀರಿ.”

ಗುರು ಅರೆದ. ನಡುಗುವ ಕೈಯಲ್ಲಿ ಅರ್ಧ ನೆಲಕ್ಕೆ ಚೆಲ್ಲಿದ, ಅರ್ಧ ಬಟ್ಟಲಿಗೆ ಬಿತ್ತು. ಎರಡು ದಿನ ಶಿಷ್ಯ ಬರೆದ, ಗುರು ಅರೆದ. ಸೆನ್ಬಿ ಬಾಯಿ ಮುಚ್ಚಿಕೊಂಡು ಬರೆದ ಅಂತ ತಿಳಿಯಬೇಡಿ. ಅವನ ಗೊಣಗಾಟ ನಿಲ್ಲಲಿಲ್ಲ.

“ಸೊಕರ್‌ನನ್ನು ಎಲ್ಲಿ ಹಾಕಲಿ?”

“ಜಾಗ ಇದ್ದ ಕಡೆ.”

“ಜಾಗ ಇಲ್ಲ.”

“ಒತ್ತಿ ಕೂರಿಸು.”

“ಈ ಬಿರುದು?”

“ಮೂವರಿಗೂ ಹಾಕು.”

“ಜಗಳ ಆಗಲ್ವಾ?”

“ಆಗಲಿ. ಬೈಕೊಂಡೇ ಮಾಡ್ತಾರೆ.”

ಅರವತ್ತೊಂಬತ್ತನೆಯ ದಿನ ಉಳಿದದ್ದು ಒಂದೇ ಹೆಸರು. ಅಮೆನಿಯ ಹೆಸರಿನ ಹಿಂದಿನ ಖಾಲಿ ಜಾಗ. ಸೆನ್ಬಿಯ ಲೇಖನಿ ಅಲ್ಲಿ ನಿಂತಿತು.

“ಇದು ಮಾತ್ರ ಇನ್ನೂ ಒಪ್ಪಿಗೆಯಾಗ್ತಿಲ್ಲ ಗುರುಗಳೇ. ಸತ್ತವನಿಗೆ ಸತ್ತವರ ರಾಜನ ಹೆಸರು ಯಾಕೆ?”

ಈ ಸಲ ಗುರು ಕೆಮ್ಮಣ್ಣಿನ ಮಾತೆತ್ತಲಿಲ್ಲ.

“ಒಸಿರಿಸ್ ಹೇಗೆ ರಾಜನಾದ?”

“ಅವನನ್ನು ಒಡಹುಟ್ಟಿದ ತಮ್ಮನೇ ಕೊಂದ. ದೇವರುಗಳಲ್ಲಿ ಮೊದಲು ಸತ್ತವನು ಅವನೇ.”

“ಮೊದಲು ಸತ್ತವನು. ಅಂದ್ರೆ ಅವನು ಅಲ್ಲಿಗೆ ಹೋದಾಗ ಯಾರಿದ್ರು?”

ಸೆನ್ಬಿ ಯೋಚಿಸಿದ.

“ಯಾರೂ ಇರಲಿಲ್ಲ.”

“ಹೂಂ. ಅದಕ್ಕೇ ಈಗ ಯಾರು ಬಂದ್ರೂ ತನ್ನ ಹೆಸರನ್ನೇ ಹೊದಿಕೆ ಹಾಗೆ ಹೊದಿಸ್ತಾನೆ. ಬರಿ.”

ಸೆನ್ಬಿ ಬರೆದ. ಆಮೇಲೆ ಲೇಖನಿ ಕೆಳಗಿಡದೆ, ಮಡಕೆ ಚೂರಿನ ಹಿಂಬದಿಯಲ್ಲಿ ಅದೇ ಹೆಸರನ್ನು ಇನ್ನೊಮ್ಮೆ ಬರೆದು, ಅದರ ಮುಂದೆ ತನ್ನ ಅಣ್ಣನ ಹೆಸರು ಸೇರಿಸಿದ. ಅದನ್ನು ಸೊಂಟದ ಬಟ್ಟೆಗೆ ಸಿಕ್ಕಿಸಿಕೊಂಡ. ಗುರು ನೋಡಿದ, ನೋಡದವನಂತೆ ಬಟ್ಟಲು ತೊಳೆಯಲು ಹೋದ.

ಎಪ್ಪತ್ತನೆಯ ದಿನ ಬೆಳಿಗ್ಗೆ ತೇತಿ ಬಂದಳು. ಪೆಟ್ಟಿಗೆಯ ತಲೆಯ ಬದಿಯಲ್ಲಿ ಬೆರಳಿಟ್ಟಳು.

“ಒಂದು,” ಅಂದಳು. ಬೆರಳು ಸರಿಸಿದಳು. “ಎರಡು.”

ಎರಡನೆಯ ನರಿ ಮೊದಲನೆಯದಕ್ಕಿಂತ ಸ್ವಲ್ಪ ದಪ್ಪವಾಗಿತ್ತು. ಕಿವಿ ಒಂದು ಓರೆಯಾಗಿತ್ತು. ಸೆನ್ಬಿ ಜೀವಮಾನದಲ್ಲಿ ಎಳೆದ ಮೊದಲ ಓರೆ ಗೆರೆ ಅದು.

“ಸರಿ ಮಾಡಲಾ ಅಕ್ಕಾ?”

“ಇರಲಿ,” ಅಂದಳು ತೇತಿ. “ನನ್ನ ಗಂಡನ ಜೊತೆ ಗಳ ಹಿಡೀತಿದ್ದೋನಿಗೂ ಒಂದು ಕಿವಿ ಹೀಗೇ ಇದೆ.”

ಅಮೆನಿಯನ್ನು ಆ ಪೆಟ್ಟಿಗೆಯಲ್ಲಿ ಮಲಗಿಸಿದರು. ಅವನದೇ ದೋಣಿಯಲ್ಲಿ ನದಿ ದಾಟಿಸಿದರು. ಮುಂದೆ ಒಬ್ಬ, ಹಿಂದೆ ಒಬ್ಬ.

ಪಡುವಣ ದಡದಲ್ಲಿ ಮರಳು ಕಾಲು ಹೂತುಹೋಗುವಷ್ಟಿತ್ತು. ಪೆಟ್ಟಿಗೆಯನ್ನು ಮರದ ಜಾರುಬಂಡಿಯ ಮೇಲಿಟ್ಟರು. ತೇತಿ ಹೊಸೆದ ಹಗ್ಗ ಕಟ್ಟಿದರು. ಗೋರಿಗಳಿರುವ ಗುಡ್ಡದವರೆಗೆ ಎಳೆಯಬೇಕಿತ್ತು.

ತೇತಿ ಹಗ್ಗ ಹಿಡಿದಳು. ನಾದಿನಿ ಹಿಡಿದಳು. ಏಳು ಕೊಡದವರಲ್ಲಿ ಮೂವರು, ಕುಂಬಾರಗಿತ್ತಿ, ಗಳ ಹಿಡಿಯುತ್ತಿದ್ದ ಓರೆಕಿವಿಯವನು. ಅವರ ನಡುವೆ, ಯಾರೂ ಕರೆಯದೆ ಇದ್ದರೂ, ಇಬಿಯಾ ಹೋಗಿ ಸೇರಿಕೊಂಡ. ನಡುಗುವ ಎರಡೂ ಕೈಯಲ್ಲಿ ಹಗ್ಗ ಹಿಡಿದ. ಹಗ್ಗವೂ ನಡುಗಿತು.

ಸೆನ್ಬಿ ಲೇಖನಿಯ ಪೆಟ್ಟಿಗೆ ಕಂಕುಳಲ್ಲಿ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದ.

“ಗುರುಗಳೇ.”

“ಬೇಡ.”

“ಕೊನೇ ಪ್ರಶ್ನೆ. ಇನ್ನು ಕೇಳಲ್ಲ. ಇಷ್ಟೆಲ್ಲಾ ಆದ ಮೇಲೆ ಹೇಳಿ, ಅಲ್ಲಿ ಇವನನ್ನು ನಿಜವಾಗಿ ಎದುರುಗೊಳ್ಳೋದು ಯಾರು?”

ಗುರು ನಿಂತ. ಏದುಸಿರು ಬಿಡುತ್ತಾ ಶಿಷ್ಯನ ಮುಖ ನೋಡಿದ. ಬೈಯುವುದೋ ಅಳುವುದೋ ಅವನಿಗೇ ತಿಳಿಯದ ಹಾಗಿತ್ತು.

“ಹಗ್ಗ ಹಿಡಿ,” ಅಂದ.

“ಹಿಡಿಯೋಕೆ ಎಂಟು ಜನ ಇದ್ದಾರಲ್ಲ ಗುರುಗಳೇ!”

“ಇದ್ದಾರೆ. ನೀನೂ ಹಿಡಿ.”